ದಯವಿಟ್ಟು ನನ್ನನ್ನು ಕೆಲಸದಿಂದ ತೆಗೆಯಿರಿ

2019ರ ಸೆಪ್ಟೆಂಬರ್ ಕೊನೆಗೆ ನನ್ನನ್ನು ಕೆಲಸದಿಂದ ತೆಗೆದರು. ತೆಗೆದವರು ಬಹಳ ಮರ್ಯಾದಸ್ಥರು. ಒಳಗೆ ಕರೆದು, ಫ್ಯಾನ್ ಹಾಕಿ, ಹುಡುಗನನ್ನು ಓಡಿಸಿ ಕಾಫಿ ತರಿಸಿ, ನಾನು ಕುಡಿದು ಲೋಟ ಕೆಳಗಿಡುವವರೆಗೂ ಕಾದು, ಆಮೇಲೆ ತೆಗೆದರು. ಚಾಮರಾಜಪೇಟೆಯ ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುವುದು ನನ್ನ ಕೆಲಸವಾಗಿತ್ತು. ಲಗ್ನಪತ್ರಿಕೆ, ಗೃಹಪ್ರವೇಶ, ಉಪನಯನ, ವೈಕುಂಠ ಸಮಾರಾಧನೆ, ಎಲ್ಲದರ ಒತ್ತು ದೀರ್ಘಗಳೂ ನನ್ನ ಕೆಂಪು ಪೆನ್ನಿನ ಕೆಳಗೆ ನುಸುಳಿಯೇ ಊರಿಗೆ ಹೋಗಬೇಕಿತ್ತು. ಅಷ್ಟರಲ್ಲಿ ಜನ ಪತ್ರಿಕೆಗಳನ್ನು ವಾಟ್ಸ್ಯಾಪಿನಲ್ಲಿ ಕಳಿಸತೊಡಗಿದರು. ಸುಮುಹೂರ್ತದ ದೀರ್ಘ ಎಲ್ಲಿ ಬಿದ್ದರೂ ತಾಳಿ ಬೀಳಬೇಕಾದ ಕತ್ತಿಗೇ ಬೀಳುತ್ತದೆ ಎಂಬ ಸತ್ಯ ಯಜಮಾನರಿಗೆ ಹೊಳೆದುಹೋಯಿತು.

"ಮೇಷ್ಟ್ರೇ, ನಿಮ್ಮನ್ನ ತೆಗೆದೆ ಅನ್ನೋಕೆ ನನಗೆ ಬಾಯಿ ಬರಲ್ಲ. ನೀವೇ ಒಂದು ರಾಜೀನಾಮೆ ಬರೆದುಕೊಟ್ಟುಬಿಡಿ. ನಿಮ್ಮ ಮರ್ಯಾದೆಗೂ ಒಳ್ಳೇದು" ಅಂದರು.

ಮರ್ಯಾದೆ ಅಂದರೆ ಸಾಕು, ನಾನು ಕರಗಿಹೋಗುವ ಆಸಾಮಿ. ಅದರ ಮೇಲೆ ನಾನಿರುವುದು ವಿಶ್ವೇಶ್ವರಪುರಂನಲ್ಲಿ, ಸಜ್ಜನ್ ರಾವ್ ಸರ್ಕಲ್ಲಿನ ಹಿಂದಿನ ಒಂದು ವಠಾರದಲ್ಲಿ. ಬಡಾವಣೆಗೆ ಹೆಸರಾದ ಸರ್ ಎಂ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದು, ಮನಸ್ಸಿಗೆ ಒಪ್ಪದ ಮಾತು ಬಂದಾಗ ದಿವಾನಗಿರಿಯನ್ನೇ ಬಿಟ್ಟು ಬಂದವರು. ರಾಜೀನಾಮೆ ಕೊಡಲು ಸರ್ಕಾರಿ ಕಾರಿನಲ್ಲಿ ಹೋಗಿ, ಕೊಟ್ಟ ಮೇಲೆ ಸ್ವಂತ ಕಾರಿನಲ್ಲಿ ಮನೆಗೆ ಬಂದರು ಎಂಬ ಕಥೆಯನ್ನು ನಮ್ಮ ಕಡೆ ಮಕ್ಕಳಿಗೆ ಉಗ್ಗು ಹಾಕುವಾಗಲೇ ಹೇಳಿಬಿಡುತ್ತಾರೆ. ಅಂಥ ಪುಣ್ಯಭೂಮಿಯಲ್ಲಿ ಬಾಡಿಗೆ ಕೊಟ್ಟುಕೊಂಡಿರುವವನು ರಾಜೀನಾಮೆ ಕೇಳಿದರೆ ಇಲ್ಲ ಅನ್ನುವುದುಂಟೇ? ಕಾರಿನ ವಿಷಯದಲ್ಲಿ ಮಾತ್ರ ಸರ್ ಎಂ.ವಿ. ಅವರಿಗೆ ಸಮನಾಗಲು ಆಗಲಿಲ್ಲ. ನಾನು ನಡೆದೇ ಹೋಗಿದ್ದೆ, ನಡೆದೇ ಬಂದೆ.

ರಾಜೀನಾಮೆಯನ್ನು ಒಂದು ಸಾಲಿನಲ್ಲಿ ಬರೆದು ಮುಗಿಸಬಹುದಿತ್ತು. ನಾನು ಒಂದು ಪುಟ ಬರೆದೆ. ಬೇರೆಯವರ ಬರವಣಿಗೆ ತಿದ್ದಿ ತಿದ್ದಿ ಸವೆದವನಿಗೆ ಸ್ವಂತ ಕೃತಿ ರಚಿಸುವ ಅವಕಾಶ ಅದೇ ಮೊದಲು. "ಯಾರ ಒತ್ತಾಯಕ್ಕೂ ಒಳಗಾಗದೆ, ಪೂರ್ಣ ಮನಸ್ಸಿನಿಂದ, ಸ್ವಂತ ಇಚ್ಛೆಯಿಂದ" ಎಂದು ಬರೆದು, ಸ್ವಂತ ಇಚ್ಛೆಯ ಕೆಳಗೆ ಗೆರೆ ಎಳೆದೆ. ಕಾಗುಣಿತ ನೋಡಿದೆ. ಒಂದು ತಪ್ಪಿಲ್ಲ. ಯಜಮಾನರು ಓದಿ ಕಣ್ಣೊರೆಸಿಕೊಂಡು, ಅದನ್ನು ಬೀರುವಿನೊಳಗಿನ ಲಾಕರಿನಲ್ಲಿ ಇಟ್ಟು ಬೀಗ ಹಾಕಿದರು. ಸಾಹಿತ್ಯಕ್ಕೆ ಇಷ್ಟು ಬೆಲೆ ಕೊಡುವವರನ್ನು ಬಿಟ್ಟುಹೋಗುತ್ತಿದ್ದೇನಲ್ಲ ಎಂದು ನನಗೂ ಕಣ್ಣು ತುಂಬಿತು.

ಮನೆಯಲ್ಲಿ ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ. "ಬಿಟ್ರೋ, ಬಿಡಿಸಿದ್ರೋ?"

"ಬಿಟ್ಟೆ ಕಣೇ."

ಅವಳು ನಂಬಲಿಲ್ಲ, ಆದರೆ ಸುದ್ದಿಯನ್ನು ಹಾಳುಮಾಡಲೂ ಇಲ್ಲ. ಸಂಜೆ ಸುಬ್ರಹ್ಮಣ್ಯನ ಗುಡಿಯಲ್ಲಿ ಪರಿಷ್ಕೃತ ಆವೃತ್ತಿ ಬಿಡುಗಡೆಯಾಯಿತು. "ನಮ್ಮನೆಯವರು ಕೆಲಸ ಬಿಟ್ರು. ಸ್ವಂತ ಪ್ರೆಸ್ ಹಾಕ್ತಿದಾರೆ." ದಸರಾ ಬೊಂಬೆ ಎತ್ತುವ ಹೊತ್ತಿಗೆ ನಮ್ಮ ಮನೆ ಓನರ್ ಆಂಟಿ ಮೊಮ್ಮಗನ ಮುಂಜಿಯ ಪತ್ರಿಕೆಗೆ ಸಾವಿರದ ಒಂದು ರೂಪಾಯಿ ಮುಂಗಡ ಕೊಟ್ಟೇಬಿಟ್ಟರು. ತೆಗೆದುಕೊಳ್ಳದಿದ್ದರೆ ಗುಟ್ಟು ರಟ್ಟಾಗುತ್ತದೆ, ತೆಗೆದುಕೊಂಡರೆ ಪ್ರೆಸ್ ಹಾಕಬೇಕಾಗುತ್ತದೆ. ತೆಗೆದುಕೊಂಡೆ. ಮನೆಯಲ್ಲಿ ಅಕ್ಕಿ ಮುಗಿದಿತ್ತು.

ನಿರುದ್ಯೋಗಕ್ಕೆ ಸರ್ಕಾರ ದುಡ್ಡು ಕೊಡುತ್ತದೆ ಎಂಬ ಮಾತನ್ನು ಮನೆಗೆ ತಂದವನು ನನ್ನ ಭಾವಮೈದುನ. ಅವನು ಲೆಕ್ಕಪತ್ರದ ಮನುಷ್ಯ. "ಭಾವ, ನಿಮ್ಮ ಸಂಬಳದಲ್ಲಿ ಇಎಸ್‌ಐ ಹಿಡೀತಿದ್ರಾ?" ಅಂದ. ಹಿಡಿಯುತ್ತಿದ್ದರು. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಇಎಸ್‌ಐ. ನನ್ನದು 18,000. ಅದರಲ್ಲಿ ಶೇಕಡ 1.75ರಂತೆ 315 ರೂಪಾಯಿ ಹೋಗುತ್ತಿತ್ತು. 2019ರ ಜುಲೈಯಿಂದ ಅದು ಶೇಕಡ 0.75ಕ್ಕೆ ಇಳಿದು 135 ಆಯಿತು. ಆ ತಿಂಗಳು 180 ರೂಪಾಯಿ ಜಾಸ್ತಿ ಬಂದಾಗ, ಯಜಮಾನರು ನನ್ನ ಕೆಲಸ ಮೆಚ್ಚಿ ಸಂಬಳ ಏರಿಸಿದ್ದಾರೆಂದು ತಿಳಿದು ಅವರಿಗೆ ವಿ.ಬಿ. ಬೇಕರಿಯಿಂದ ದಿಲ್‌ಪಸಂದ್ ತಂದುಕೊಟ್ಟಿದ್ದೆ. ಅವರೂ ತಿಂದಿದ್ದರು.

ಇಎಸ್‌ಐ ಅಂದರೆ ರಾಜಾಜಿನಗರದ ಆಸ್ಪತ್ರೆ ಅನ್ನುವುದಷ್ಟೇ ನನಗೆ ತಿಳಿದಿತ್ತು. ಪ್ರೊಫೆಸರ್ ಬಿ.ಪಿ. ಅಡಾರ್ಕರ್ ಅವರ 1944ರ ವರದಿಯಿಂದ ಹುಟ್ಟಿದ 1948ರ ಕಾಯಿದೆ ಅದು. ಕಾಯಿಲೆಗೆ, ಹೆರಿಗೆಗೆ, ಕೆಲಸದಲ್ಲಿ ಕೈಕಾಲು ಮುರಿದರೆ ಎಂದು ಎಲ್ಲದಕ್ಕೂ ವ್ಯವಸ್ಥೆ ಇತ್ತು. ಕೆಲಸವೇ ಮುರಿದರೆ ಏನು ಎಂಬುದಕ್ಕೆ ಮಾತ್ರ 2005ರವರೆಗೆ ಉತ್ತರವಿರಲಿಲ್ಲ. ಆಗ ರಾಜೀವ್ ಗಾಂಧಿ ಶ್ರಮಿಕ್ ಕಲ್ಯಾಣ್ ಯೋಜನೆ ಬಂತು. 2018ರ ಜುಲೈ 1ರಿಂದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ ಅಂತ ಇನ್ನೊಂದು. ಬ್ರಿಟನ್ನಿನವರು 1911ರಲ್ಲೇ ನಿರುದ್ಯೋಗ ವಿಮೆಗೆ ಕಾಯಿದೆ ಮಾಡಿದ್ದರು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 1936ರಲ್ಲಿ 15 ಡಾಲರಿನ ಮೊದಲ ಚೆಕ್ ಹಂಚಿದರು. ಅಂತೂ ನಿಧಾನವಾಗಿ ನಮ್ಮ ವಠಾರಕ್ಕೂ ಬಂತು.

ಭಾವಮೈದುನ ನಿಯಮಗಳನ್ನು ಓದಿದ. ಎರಡು ವರ್ಷ ವಿಮೆಯ ಕೆಳಗೆ ಕೆಲಸ ಮಾಡಿರಬೇಕು. ಆರಾರು ತಿಂಗಳ ನಾಲ್ಕು ಅವಧಿಗಳಲ್ಲಿ ಪ್ರತಿಯೊಂದರಲ್ಲೂ ಕನಿಷ್ಠ 78 ದಿನ ವಂತಿಗೆ ಕಟ್ಟಿರಬೇಕು. ಕೆಲಸ ಹೋಗಿ ಮೂರು ತಿಂಗಳಾದ ಮೇಲೆ ಹಣ. ದಿನದ ಸರಾಸರಿ ಗಳಿಕೆಯ ಶೇಕಡ 25ರಂತೆ, ಹೆಚ್ಚೆಂದರೆ 90 ದಿನಕ್ಕೆ. ಜೀವಮಾನದಲ್ಲಿ ಒಂದೇ ಸಲ. ನನ್ನ ಲೆಕ್ಕ ದಿನಕ್ಕೆ 148 ರೂಪಾಯಿಯ ಸುಮಾರಿಗೆ ಬಂತು. ಅಷ್ಟರಲ್ಲಿ ನಮ್ಮ ಬಡಾವಣೆಯ ತಿಂಡಿ ಬೀದಿಯ ಒಂದು ತುದಿಯಿಂದ ಶುರುಮಾಡಿ ಅರ್ಧ ಬೀದಿ ತಿನ್ನಬಹುದು. ಇನ್ನರ್ಧವನ್ನು ಮೂಸಿಕೊಂಡು ಬರಬಹುದು.

"ಒಂದೇ ತೊಡಕು ಭಾವ. ದುರ್ನಡತೆಗೆ ತೆಗೆದಿದ್ದರೆ ಸಿಗಲ್ಲ, ವಯಸ್ಸಾಗಿ ನಿವೃತ್ತಿಯಾದರೆ ಸಿಗಲ್ಲ. ಸ್ವಯಂನಿವೃತ್ತಿಯಾದರೂ ಸಿಗಲ್ಲ. ನಿಮ್ಮನ್ನ ತೆಗೆದದ್ದಕ್ಕೆ ಕಾಗದ ಏನಾದ್ರೂ ಕೊಟ್ಟಿದಾರಾ?"

ನಾನು ಮಾತಾಡಲಿಲ್ಲ. ಹೆಂಡತಿ ಅಡುಗೆಮನೆಯಿಂದ, "ಇವರೇ ಕೊಟ್ಟು ಬಂದಿದಾರೆ" ಅಂದಳು.

ನನ್ನ ಜೀವನದ ಏಕೈಕ ಕೃತಿ ನನ್ನ ವಿರುದ್ಧವೇ ಸಾಕ್ಷಿ ಹೇಳುತ್ತಿತ್ತು. ಒಂದು ಕಾಗುಣಿತ ತಪ್ಪಾದರೂ ಇದ್ದಿದ್ದರೆ ನಾನು ಬರೆದದ್ದಲ್ಲ ಅನ್ನಬಹುದಿತ್ತು.

ಮಾರನೆಯ ದಿನವೇ ಚಾಮರಾಜಪೇಟೆಗೆ ಓಡಿದೆ. "ಸಾರ್, ದಯವಿಟ್ಟು ನನ್ನನ್ನು ಕೆಲಸದಿಂದ ತೆಗೆಯಿರಿ" ಅಂದೆ.

ಯಜಮಾನರು ನನ್ನ ಮುಖ ನೋಡಿದರು. "ನೀವು ಬಿಟ್ಟಾಗಿದೆಯಲ್ಲ ಮೇಷ್ಟ್ರೇ?"

"ಅದನ್ನ ವಾಪಸ್ ತಗೊಂಡು ಮತ್ತೆ ಸೇರ್ಕೊಂತೀನಿ ಸಾರ್, ಐದು ನಿಮಿಷ. ನೀವು ಆಮೇಲೆ ತೆಗೀರಿ. ಕಾಫಿ ಬೇಡ."

ಅವರು ಲಾಕರ್ ತೆಗೆದರು. ನನ್ನ ರಾಜೀನಾಮೆ ಲ್ಯಾಮಿನೇಟ್ ಆಗಿತ್ತು. ಅಕ್ಷರ ಜೋಡಿಸುವ ಹುಡುಗರನ್ನೆಲ್ಲ ಕರೆದು, "ನೋಡ್ರೋ, ರಾಜೀನಾಮೆ ಅಂದ್ರೆ ಹೀಗಿರಬೇಕು" ಅಂತ ಗಟ್ಟಿಯಾಗಿ ಓದಿಸಿದರು. 'ಸ್ವಂತ ಇಚ್ಛೆಯಿಂದ' ಬಂದಾಗ ಒಬ್ಬ ಹುಡುಗ ಚಪ್ಪಾಳೆ ತಟ್ಟಿದ.

ತೆಗೆದೆವು ಅಂತ ಬರೆಯಲು ಅವರಿಗೇನು ಕಷ್ಟ ಎಂಬುದನ್ನು ಅವರ ಅಕೌಂಟೆಂಟ್ ಬಿಡಿಸಿ ಹೇಳಿದರು. ಆಗ ಜಾರಿಯಲ್ಲಿದ್ದ ಕೈಗಾರಿಕಾ ವಿವಾದ ಕಾಯಿದೆ 1947, ಕಲಂ 25ಎಫ್. ಒಂದು ವರ್ಷ ತುಂಬಿದ ಕೆಲಸಗಾರನನ್ನು ಕೆಲಸವಿಲ್ಲವೆಂದು ತೆಗೆಯಬೇಕಾದರೆ ಒಂದು ತಿಂಗಳ ನೋಟಿಸು ಕೊಡಬೇಕು, ಇಲ್ಲವೇ ಆ ತಿಂಗಳ ಸಂಬಳ ಕೊಡಬೇಕು. ಅದರ ಮೇಲೆ ದುಡಿದ ಪ್ರತಿ ವರ್ಷಕ್ಕೂ ಹದಿನೈದು ದಿನದ ಸಂಬಳ ಪರಿಹಾರ. "ತೆಗೆದೆ ಅಂತ ಬರೆದುಕೊಟ್ಟರೆ ನೀವು ನಾಳೆ ಅದನ್ನ ಕೇಳ್ತೀರಿ" ಅಂದರು ಯಜಮಾನರು.

"ಛೆ ಛೆ, ನಾನು ಅಂಥವನಲ್ಲ ಸಾರ್. ಬೇಕಾದರೆ ಪರಿಹಾರ ಬೇಡ ಅಂತ ಬರೆದುಕೊಡ್ತೀನಿ" ಅಂದೆ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಕೌಂಟೆಂಟ್ ಆಗಲೇ ಬಿಳಿ ಹಾಳೆ ತೆಗೆದಿಟ್ಟಿದ್ದರು. ನನ್ನ ಎರಡನೆಯ ಕೃತಿ ಅರ್ಧ ಪುಟ. ಇದರಲ್ಲೂ ತಪ್ಪಿಲ್ಲ. ಅದಕ್ಕೆ ಬದಲಾಗಿ, ಮೂರು ತಿಂಗಳು ತುಂಬಿದ ಮೇಲೆ ಅರ್ಜಿ ತಂದರೆ 'ಕೆಲಸವಿಲ್ಲದ ಕಾರಣ' ಎಂದು ಬರೆದು ರುಜು ಹಾಕಿಕೊಡುವುದಾಗಿ ಯಜಮಾನರು ಮಾತು ಕೊಟ್ಟರು. ಆಗಿನ ನಿಯಮದಂತೆ ಅರ್ಜಿ ಕಡೆಯ ಮಾಲೀಕರ ಮೂಲಕವೇ ಹೋಗಬೇಕಿತ್ತು. ಕತ್ತು ಹಿಡಿದು ದಬ್ಬಿದವರೇ ಇವನನ್ನು ದಬ್ಬಿದ್ದು ನಿಜ ಎಂದು ಶಿಫಾರಸು ಮಾಡಬೇಕು. ಆಮೇಲೆ ನೋಟರಿಯ ಮುಂದೆ 20 ರೂಪಾಯಿ ಛಾಪಾ ಕಾಗದದಲ್ಲಿ ಅಫಿಡವಿಟ್.

ಛಾಪಾ ಕಾಗದ ಅಂದರೆ ಈಗ ಇ-ಸ್ಟ್ಯಾಂಪು. ಖಾನಾಪುರದ ಅಬ್ದುಲ್ ಕರೀಂ ತೆಲಗಿ ನಕಲಿ ಛಾಪಾ ಕಾಗದ ಅಚ್ಚುಹಾಕಿಸಿ ದೇಶಕ್ಕೆಲ್ಲ ಹಂಚಿದ ಮೇಲೆ ಹಳೆಯ ಕಾಗದದ ಕಾಲ ಮುಗಿಯಿತು. ಆ ಮನುಷ್ಯ ಕಡೆಗೆ 2017ರಲ್ಲಿ ತೀರಿಕೊಂಡದ್ದು ನಮ್ಮ ಬಡಾವಣೆಯಿಂದ ಕೂಗಳತೆಯ ವಿಕ್ಟೋರಿಯಾ ಆಸ್ಪತ್ರೆಯಲ್ಲಿ. ಅಚ್ಚಿನ ಕೆಲಸದಲ್ಲಿ ಇಷ್ಟು ದುಡ್ಡು ಇದೆ ಅಂತ ನಮ್ಮ ಪ್ರೆಸ್ಸಿನಲ್ಲಿ ಯಾರಿಗೂ ಅನ್ನಿಸಿರಲಿಲ್ಲ, ಅದು ಬೇರೆ ಮಾತು. ಸಹಕಾರ ಸಂಘದ ಕೌಂಟರಿನಲ್ಲಿ ಚೀಟಿ ಬರೆದುಕೊಟ್ಟೆ. ಹೊರಬಂದ ಹಾಳೆಯಲ್ಲಿ ಮೊದಲನೆಯ ಪಕ್ಷಗಾರ ನಾನು. ಅದರ ಮೇಲಿನ ಸಾಲಿನಲ್ಲಿ ಪ್ರತಿಫಲದ ಬೆಲೆ: 0, ಕಂಸದಲ್ಲಿ ಅಕ್ಷರದಲ್ಲೂ ಸೊನ್ನೆ. ಎಲ್ಲ ಅಫಿಡವಿಟ್ಟಿನಲ್ಲೂ ಹಾಗೇ ಬರುತ್ತದಂತೆ. ಆದರೂ ನನ್ನ ಹೆಸರಿನ ಹತ್ತಿರ ಅದನ್ನು ನೋಡಿದಾಗ, ಕೊನೆಗೂ ಸರ್ಕಾರ ನನ್ನನ್ನು ಸರಿಯಾಗಿ ಅಂದಾಜು ಮಾಡಿದೆ ಅನ್ನಿಸಿತು.

ಟೈಪಿಂಗಿಗೆ ಲಾ ಕಾಲೇಜಿನ ಪಕ್ಕದ ಒಂದು ಜೆರಾಕ್ಸ್ ಅಂಗಡಿಗೆ ಹೋದೆ. ಹುಡುಗ ಚುರುಕು, ಗಂಟಲು ಅದಕ್ಕಿಂತ ಚುರುಕು. "ಏನ್ ಟೈಪ್ ಮಾಡ್ಬೇಕು ಅಂಕಲ್?"

ಅಂಗಡಿಯ ತುಂಬ ಲಾ ಓದುವ ಮಕ್ಕಳು. ನಾನು ಬಗ್ಗಿ ಅವನ ಕಿವಿಯಲ್ಲಿ ಹೇಳಿದೆ.

"ನಿರುದ್ಯೋಗಿನಾ? ನೀವಾ? ಎಷ್ಟು ದಿನದಿಂದ ಅಂಕಲ್?"

ಲಾ ಓದುವ ಮಕ್ಕಳೆಲ್ಲ ತಿರುಗಿದರು. ಒಬ್ಬಳು ಪಾಪ, ಎದ್ದು ಸ್ಟೂಲು ಬಿಟ್ಟುಕೊಟ್ಟಳು. ಬೀದಿಯಲ್ಲಿ ನಮ್ಮ ಓನರ್ ಆಂಟಿಯ ಸೀರೆ ಕಂಡಂತಾಗಿ ನಾನು ಜೆರಾಕ್ಸ್ ಮೆಷಿನ್ನಿನ ಹಿಂದೆ ಕೂತೆ. ಅಫಿಡವಿಟ್ ಕನ್ನಡದಲ್ಲೇ ಇರಬೇಕು ಅಂತ ಹಟ ಹಿಡಿದವನು ನಾನು. ಕಂಬಾರರಿಗೂ ಕುವೆಂಪುಗೂ ಜ್ಞಾನಪೀಠ ಬಂದ ಭಾಷೆಯಲ್ಲಿ ನನಗೆ 148 ರೂಪಾಯಿ ಬರಬಾರದೇ ಅಂತ ವಾದ ಮಾಡಿದೆ. ಹುಡುಗ ಒಪ್ಪಿ, ಟೈಪ್ ಮಾಡಿ, ಪ್ರಿಂಟ್ ತೆಗೆದುಕೊಟ್ಟ. ಜೀವಮಾನವೆಲ್ಲ ಕಂಡವರ ಕರಡು ತಿದ್ದಿದ ನಾನು ನನ್ನ ಕರಡನ್ನು ಮೆಷಿನ್ನಿನ ಹಿಂದೆ ಮಡಚಿ ಜೇಬಿಗಿಟ್ಟುಕೊಂಡು ಓಡಿದೆ. ನೋಟರಿ ಸಾಹೇಬರು ಕೆಂಪು ಸೀಲು ಒತ್ತಿದರು. ಅವರೂ ಓದಲಿಲ್ಲ. ಅವರಿಗೆ ದಿನಕ್ಕೆ ಎಷ್ಟೋ.

ಇನ್ನು ಆಧಾರ್, ಬ್ಯಾಂಕು, ಇಎಸ್‌ಐ ಮೂರೂ ಒಂದಕ್ಕೊಂದು ತಾಳೆಯಾಗಬೇಕಿತ್ತು. ನನ್ನ ಹೆಸರಿನ ಕೊನೆಯ ಅಕ್ಷರ ಮಹಾಪ್ರಾಣ. ಇಂಗ್ಲಿಷಿನಲ್ಲಿ ಬರೆಯಲು ಅದಕ್ಕೊಂದು ಎಚ್ ಬೇಕು. ಆಧಾರ್‌ನಲ್ಲಿ ಎಚ್ ಇತ್ತು, ಬ್ಯಾಂಕಿನಲ್ಲಿ ಇರಲಿಲ್ಲ, ಇಎಸ್‌ಐ ಕಾರ್ಡಿನಲ್ಲಿ ಎರಡಿದ್ದವು. ಇನಿಷಿಯಲ್ಲುಗಳು ಒಂದು ಕಡೆ ಮುಂದೆ, ಒಂದು ಕಡೆ ಹಿಂದೆ, ಇನ್ನೊಂದು ಕಡೆ ಬಿಚ್ಚಿಕೊಂಡು ಊರಿನ ಹೆಸರು, ಅಪ್ಪನ ಹೆಸರು ಎರಡೂ ಮೈಚಾಚಿ ಮಲಗಿದ್ದವು. ದಕ್ಷಿಣದವರ ಇನಿಷಿಯಲ್ಲು ಕಂಪ್ಯೂಟರಿನ ಕಣ್ಣಿಗೆ ದಾಯಾದಿಗಳ ಹಾಗೆ, ಒಂದೇ ಮನೆತನ ಅಂದರೆ ನಂಬುವುದಿಲ್ಲ. ಇದನ್ನೆಲ್ಲ ಸರಿಮಾಡಿಸುವಷ್ಟರಲ್ಲಿ ಕಾರ್ತೀಕ ಕಳೆದು ಧನುರ್ಮಾಸ ಬಂತು. ಆ ಅಲೆದಾಟವನ್ನು ವಿವರಿಸುವುದಿಲ್ಲ, ಆಧಾರ್ ಇರುವ ಓದುಗರೆಲ್ಲ ಅನುಭವಿಗಳೇ.

ಜನವರಿ ಬಂತು, ಮೂರು ತಿಂಗಳು ತುಂಬಿತು. ಅರ್ಜಿ ಹಿಡಿದು ಪ್ರೆಸ್ಸಿಗೆ ಹೋದಾಗೆಲ್ಲ ಯಜಮಾನರು ಈಗಷ್ಟೇ ಹೊರಗೆ ಹೋಗಿರುತ್ತಿದ್ದರು. ಆದರೆ ನನಗೆ ಅವರ ಒಂದು ದೌರ್ಬಲ್ಯ ತಿಳಿದಿತ್ತು. ಅವರೆಕಾಯಿ. ಆಗ ಅವರೆಬೇಳೆ ಮೇಳ ಇನ್ನೂ ನಮ್ಮ ತಿಂಡಿ ಬೀದಿಯಲ್ಲೇ ನಡೆಯುತ್ತಿತ್ತು. ಮಾಗಡಿ ಕಡೆಯಿಂದ ಮೂಟೆ ಮೂಟೆ ಅವರೆ ಬಂದಿಳಿದು, ಇಡೀ ವಿಶ್ವೇಶ್ವರಪುರಂ ಸೊಗಡು ಹೊಡೆಯುವ ಕಾಲ. ಹಿತಕಿದ ಬೇಳೆಯ ದೋಸೆ, ಹೋಳಿಗೆ, ಜಿಲೇಬಿ, ಮಂಚೂರಿ, ಕೊನೆಗೆ ಐಸ್‌ಕ್ರೀಮು ಕೂಡ. ಅವರೆಯನ್ನು ಹಿಚುಕಿ ಏನೇನು ಮಾಡಬಹುದೋ ಎಲ್ಲವನ್ನೂ ಮಾಡಿರುತ್ತಾರೆ. ಯಜಮಾನರು ಮೇಳ ತಪ್ಪಿಸಿದವರಲ್ಲ. ಅರ್ಜಿಯನ್ನು ಕವರಿನಲ್ಲಿಟ್ಟುಕೊಂಡು ಸಂಜೆ ಹೊತ್ತು ದೋಸೆಯ ಕಾವಲಿಯ ಪಕ್ಕ ಕಾವಲು ಕೂತೆ. ಸುಮ್ಮನೆ ಕೂರಲಾಗದೆ ನಾನೂ ತಿಂದೆ, ಮುಂಬರುವ ಹಣದ ಭರವಸೆಯ ಮೇಲೆ.

ಸಿಕ್ಕಿದರು. ಎಡಗೈಯಲ್ಲಿ ದೋಸೆಯ ಎಲೆ, ಬಲಗೈ ಪೂರ್ತಿ ತುಪ್ಪ. ಓಡಿಹೋಗಲು ಜಾಗವಿಲ್ಲ, ಹಿಂದೆ ಮುಂದೆ ಜನ.

"ಸಾರ್, ಒಂದು ರುಜು."

"ಇಲ್ಲೇನ್ ಮೇಷ್ಟ್ರೇ? ನಾಳೆ ಬನ್ನಿ."

"ನೀವು ನಾಳೆ ಇರಲ್ಲ ಸಾರ್."

ಅವರು ನಕ್ಕುಬಿಟ್ಟರು. ಎಲೆಯನ್ನು ನನ್ನ ಕೈಗೆ ಕೊಟ್ಟು, ಕೈಯನ್ನು ಪಂಚೆಗೆ ಒರೆಸಿಕೊಂಡು, ಅರ್ಜಿಯನ್ನು ನನ್ನ ಬೆನ್ನ ಮೇಲಿಟ್ಟರು. ನಾನು ಬಗ್ಗಿ ನಿಂತೆ. ಕೆಲಸದಲ್ಲಿದ್ದಾಗಲೂ ಅವರ ಮುಂದೆ ಅಷ್ಟು ಬಗ್ಗಿರಲಿಲ್ಲ. ಸರಿಯಾಗಿ ಆ ಹೊತ್ತಿಗೆ ಓನರ್ ಆಂಟಿ ಜಿಲೇಬಿ ಪೊಟ್ಟಣದೊಂದಿಗೆ ಪ್ರತ್ಯಕ್ಷರಾದರು.

"ಏನ್ ರಾಯರೇ, ಬಗ್ಗಿದೀರಿ? ಬೆನ್ನು ನೋವಾ?" ಆಮೇಲೆ ಯಜಮಾನರನ್ನು ಮೇಲಿಂದ ಕೆಳಗೆ ನೋಡಿ, "ಇವರು ನಿಮ್ಮ ಹೊಸ ಪ್ರೆಸ್ಸಿಗೆ ಕೆಲಸಕ್ಕೆ ಸೇರ್ಕೊಂಡಿರೋವ್ರಾ?"

ಯಜಮಾನರು ಬರೆಯುವುದನ್ನು ನಿಲ್ಲಿಸಲಿಲ್ಲ. "ಇಲ್ಲ ತಾಯಿ. ನಾನು ಇವರನ್ನ ಕೆಲಸದಿಂದ ತೆಗೀತಾ ಇದೀನಿ. ಒಂದ್ನಿಮಿಷ, ಇನ್ನೊಂದು ರುಜು ಬಾಕಿ ಇದೆ."

ಆಂಟಿ ಏನೂ ಮಾತಾಡಲಿಲ್ಲ. ಒಂದು ಜಿಲೇಬಿ ತೆಗೆದು ನನ್ನ ಕೈಲಿದ್ದ ಎಲೆಯ ಮೇಲಿಟ್ಟು ಹೊರಟುಹೋದರು. ರಾತ್ರಿಯೊಳಗೆ ವಠಾರಕ್ಕೆಲ್ಲ ಗೊತ್ತಾಗಿತ್ತು. ಸಾವಿರದ ಒಂದು ರೂಪಾಯಿ ವಾಪಸ್ ಕೊಡಲು ಹೋದರೆ, "ಇಟ್ಕೊಳ್ಳಿ ರಾಯರೇ, ಮುಂಜಿಗೆ ವಾಟ್ಸ್ಯಾಪಿನಲ್ಲೇ ಕರೆದಾಯ್ತು. ನಿಮಗೆ ಮಾತ್ರ ತಲುಪಿಲ್ಲ ನೋಡಿ, ನಿಮ್ಮ ಡೇಟಾ ಮುಗಿದಿರಬೇಕು" ಅಂದರು. ನಿಜ, ಮುಗಿದಿತ್ತು.

ಶಾಖಾ ಕಚೇರಿಯಲ್ಲಿ ಕೂತಿದ್ದ ಅಮ್ಮ ಬಹಳ ತಾಳ್ಮೆಯವರು. ಕಾಗದಗಳನ್ನು ಒಂದೊಂದಾಗಿ ನೋಡುತ್ತ ಮೂಗರಳಿಸಿದರು. "ಏನೋ ಘಮಘಮ ಅಂತಿದೆಯಲ್ಲ?" ಯಜಮಾನರ ರುಜುವಿನ ಸುತ್ತ ತುಪ್ಪ ಹರಡಿ ಕಾಗದ ಕಿಟಕಿಯ ಗಾಜಿನಂತಾಗಿತ್ತು. ಹಿಂದಿನ ಹಾಳೆಯಲ್ಲಿ ಬ್ಯಾಂಕಿನ ವಿವರ ಇಲ್ಲಿಂದಲೇ ಓದಬಹುದಿತ್ತು. "ಮೇಳದ್ದಾ? ನಾವೂ ಭಾನುವಾರ ಹೋಗ್ಬೇಕು" ಅಂದರು. ಎಲ್ಲ ಸರಿಯಾಗುತ್ತಿದೆ ಅನ್ನುವಾಗ ಅಫಿಡವಿಟ್ಟಿಗೆ ಬಂದರು. ಓದುತ್ತ ಓದುತ್ತ ಕನ್ನಡಕ ತೆಗೆದರು.

"ನೀವು ಏನು ಕೆಲಸ ಮಾಡ್ತಿದ್ರಿ ಅಂದ್ರಿ?"

"ಕರಡು ತಿದ್ದುವುದು, ಮೇಡಂ."

ಅವರು ಹಾಳೆಯನ್ನು ನನ್ನ ಕಡೆ ತಿರುಗಿಸಿ ಬೆರಳಿಟ್ಟರು. "ನಾನು ದಿನಾಂಕ 30-09-2019ರಿಂದ ಸಂಪೂರ್ಣ ನಿರುಪಯೋಗಿಯಾಗಿರುತ್ತೇನೆಂದು ಈ ಮೂಲಕ ಪ್ರಮಾಣೀಕರಿಸುತ್ತೇನೆ."

ಕೆಳಗೆ ನನ್ನ ರುಜು. ಪಕ್ಕದಲ್ಲಿ ನೋಟರಿಯ ಕೆಂಪು ಸೀಲು.

"ಇದು ನಿಜವೇ ಇರಬಹುದು, ಆದರೆ ಇದಕ್ಕೆ ಯೋಜನೆ ಇಲ್ಲ. ನಿರುದ್ಯೋಗಿ ಅಂತ ಮಾಡಿಸ್ಕೊಂಡು ಬನ್ನಿ" ಅಂದರು. ಮನೆಗೆ ತಂದು ಹೆಂಡತಿಗೆ ತೋರಿಸಿದಾಗ, ಹಾಗೇ ಇರಲಿ, ದಿನಾಂಕವೊಂದನ್ನು ತಿದ್ದಿಸಿ, ನಮ್ಮ ಮದುವೆಯ ತಾರೀಕು ಹಾಕಿಸಿ ಅಂದಳು. ಆ ಅಫಿಡವಿಟ್ಟನ್ನು ಈಗಲೂ ಜೋಪಾನವಾಗಿ ಇಟ್ಟುಕೊಂಡಿದ್ದಾಳೆ. ಮತ್ತೊಂದು 20 ರೂಪಾಯಿಯ ಸ್ಟ್ಯಾಂಪು, ಮತ್ತೆ ಪ್ರತಿಫಲದ ಬೆಲೆ ಸೊನ್ನೆ, ಮತ್ತೆ ಅದೇ ಅಂಗಡಿ. ಈ ಸಲ ಹುಡುಗ ದೂರದಿಂದಲೇ, "ಬನ್ನಿ ನಿರುದ್ಯೋಗಿ ಅಂಕಲ್" ಅಂತ ಕರೆದ. ಇನ್ನು ಮುಚ್ಚಿಡುವಂಥದ್ದು ಏನೂ ಉಳಿದಿರಲಿಲ್ಲವಾದ್ದರಿಂದ ಆರಾಮವಾಗಿ ಸ್ಟೂಲಿನ ಮೇಲೆ ಕೂತು, ಅಕ್ಷರ ಅಕ್ಷರ ಬಿಡಿಸಿ ಓದಿದೆ.

ಹಣ ಬಂತು. ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. 2020ರ ಮಾರ್ಚ್ ಮೊದಲಿಗೆ ಸುಮಾರು 13,300 ರೂಪಾಯಿ ನೇರವಾಗಿ ಖಾತೆಗೆ ಬಿತ್ತು. ಹೆಂಡತಿಗೆ ಸಂದೇಶ ತೋರಿಸಿ, ಭಾವಮೈದುನನನ್ನು ಊಟಕ್ಕೆ ಕರೆದೆ. ಹೋಳಿಗೆ ಬಡಿಸುವಾಗ ಮಾತಿಗೆ ಮಾತು ಬಂದು, ಪರಿಹಾರ ಬೇಡವೆಂದು ಬರೆದುಕೊಟ್ಟದ್ದನ್ನು ಹೇಳಿದೆ. ಅವನ ಕೈ ಎಲೆಯ ಮೇಲೇ ನಿಂತಿತು.

"ಎಷ್ಟು ವರ್ಷ ಕೆಲಸ ಮಾಡಿದ್ರಿ ಭಾವ?"

"ನಾಲ್ಕು ವರ್ಷ ಚಿಲ್ಲರೆ."

ಅವನು ತುಪ್ಪದ ಬೆರಳಿನಲ್ಲೇ ಎಲೆಯ ಮೇಲೆ ಲೆಕ್ಕ ಹಾಕಿದ. ನೋಟಿಸಿನ ಬದಲು ಒಂದು ತಿಂಗಳು, 18,000. ನಾಲ್ಕು ವರ್ಷಕ್ಕೆ ಹದಿನೈದು ದಿನದಂತೆ ಎರಡು ತಿಂಗಳು, 36,000. "ಒಟ್ಟು 54,000 ಬಿಟ್ಟುಕೊಟ್ಟು 13,000 ತಗೊಂಡಿದೀರಿ." ಹೆಂಡತಿ ಎರಡನೆಯ ಹೋಳಿಗೆಯನ್ನು ನನ್ನ ಎಲೆಯ ಹತ್ತಿರ ತಂದವಳು ಹಾಗೇ ತಮ್ಮನ ಎಲೆಗೆ ಹಾಕಿದಳು.

ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆಯಾಯಿತು. ತಿಂಡಿ ಬೀದಿಯಲ್ಲಿ ಕಾವಲಿಗಳು ತಣ್ಣಗಾದವು. ಮದುವೆಗಳು ನಿಂತವು, ಪತ್ರಿಕೆ ಅಚ್ಚುಹಾಕಿಸುವವರಿಲ್ಲದೆ ಪ್ರೆಸ್ಸೂ ಬಾಗಿಲು ಹಾಕಿತು. ಅದೇ ವರ್ಷ ಆಗಸ್ಟ್ 20ರಂದು ಇಎಸ್‌ಐ ನಿಗಮ ಸಭೆ ಸೇರಿ ನಿಯಮ ಬದಲಾಯಿಸಿತು. ಮಾರ್ಚ್ 24ರಿಂದ ಈಚೆಗೆ ಕೆಲಸ ಕಳೆದುಕೊಂಡವರಿಗೆ ಶೇಕಡ 25ರ ಬದಲು 50. ಮೂರು ತಿಂಗಳು ಕಾಯಬೇಕಿಲ್ಲ, 30 ದಿನ ಸಾಕು. ಅರ್ಜಿಯನ್ನು ಮಾಲೀಕರ ಮೂಲಕ ಕಳಿಸುವುದೂ ಬೇಡ, ನೇರವಾಗಿ ಶಾಖಾ ಕಚೇರಿಗೆ ಕೊಡಬಹುದು. ಅಂದರೆ ಯಾರ ಮುಂದೆಯೂ ಬಗ್ಗಬೇಕಿಲ್ಲ. ನಾನು ಒಂದು ಅರ್ಧ ವರ್ಷ ಮುಂಚೆ ನಿರುದ್ಯೋಗಿಯಾಗಿಬಿಟ್ಟಿದ್ದೆ. ಜೀವಮಾನದಲ್ಲಿ ಒಂದೇ ಸಲ ಎಂಬ ನಿಯಮವನ್ನು ಮಾತ್ರ ಯಾರೂ ಮುಟ್ಟಲಿಲ್ಲ.

ಒಂದು ದಿನ ಯಜಮಾನರು ಫೋನ್ ಮಾಡಿದರು. "ಮೇಷ್ಟ್ರೇ, ಆ ಅರ್ಜಿ ಹೇಗೆ ತುಂಬೋದು? ನಮ್ಮ ಹುಡುಗರಿಗೆ ಬೇಕಾಗಿತ್ತು. ಈ ಊರಲ್ಲಿ ನಿಮ್ಮಷ್ಟು ಅನುಭವ ಇರೋರು ಯಾರಿದಾರೆ?" ಮಾಸ್ಕ್ ಹಾಕಿಕೊಂಡು ಹೋಗಿ, ಅಂದು ನನ್ನ ರಾಜೀನಾಮೆಗೆ ಚಪ್ಪಾಳೆ ತಟ್ಟಿದವನೂ ಸೇರಿದಂತೆ ಎಲ್ಲರ ಅರ್ಜಿಯನ್ನೂ ತುಂಬಿಕೊಟ್ಟೆ. ಎಲ್ಲರಿಗೂ ಬಂತು, ನನಗಿಂತ ದುಪ್ಪಟ್ಟು. ಯಜಮಾನರು ಈ ಸಲ ಯಾರಿಂದಲೂ ರಾಜೀನಾಮೆ ಕೇಳಲಿಲ್ಲ. ನನ್ನದನ್ನು ಲಾಕರಿನಿಂದ ತೆಗೆದು ನೆನಪಿಗೆ ಇರಲಿ ಅಂತ ನನಗೇ ಕೊಟ್ಟರು.

ಈ ಯೋಜನೆಯ ಅವಧಿಯನ್ನು ಆಮೇಲೆ ಒಂದಕ್ಕಿಂತ ಹೆಚ್ಚು ಸಲ ಮುಂದುವರಿಸಿದ್ದಾರೆ. ಹಾಗಾಗಿ ಓದುಗರಲ್ಲಿ ಒಂದು ಕೋರಿಕೆ. ಸಂಬಳದ ಚೀಟಿಯಲ್ಲಿ ಇಎಸ್‌ಐ ಅಂತ ಒಂದು ಸಾಲು ಇದೆಯೇ ಎಂದು ಇವತ್ತೇ ನೋಡಿಕೊಳ್ಳಿ. ಆಧಾರ್, ಬ್ಯಾಂಕು, ಇಎಸ್‌ಐ ಮೂರರಲ್ಲೂ ನಿಮ್ಮ ಎಚ್‌ಗಳನ್ನು ಎಣಿಸಿಕೊಳ್ಳಿ. ಮಾಲೀಕರು ಒಳಗೆ ಕರೆದು, ಫ್ಯಾನ್ ಹಾಕಿ, ಕಾಫಿ ತರಿಸಿದರೆ ಕಾಫಿ ಕುಡಿಯಿರಿ. ಪೆನ್ನು ಮಾತ್ರ ಮನೆಯಲ್ಲೇ ಮರೆತು ಬಂದಿದ್ದೇನೆ ಅನ್ನಿ.